ಲಾರಿಯಿಂದ ಬಿದ್ದ ತೆಗ್ಗು

ಬನಹಟ್ಟಿಯ ನೇಕಾರ ಬಸಗೊಂಡಪ್ಪನವರು ಜಮಖಂಡಿಗೆ ಮನೆ ಬದಲಿಸಿದಾಗ ಸಾಗಣೆ ಕಂಪನಿಯವರು ಅವರ ಒಂದು ಸಾಮಾನು ಕಳೆದರು. ಯಾವುದು, ಹೇಳಿ ನೋಡೋಣ. ಸುಮ್ಮನೆ ಊಹೆ ಮಾಡಿರಿ, ತಪ್ಪಾದರೆ ಯಾರೂ ನಗುವುದಿಲ್ಲ. ಹಿತ್ತಾಳೆ ಕೊಡವೇ? ಅದು ಬಂತು. ಚಪ್ಪಟೆಯಾಗಿ ಬಂತು, ಆದರೆ ಬಂತು. ಉಪ್ಪಿನಕಾಯಿ ಭರಣಿಯೇ? ಅದು ಒಂದು ಹೋಗಿ ಎರಡಾಗಿ ಬಂತು, ಹೆಚ್ಚಿನ ತುಂಡಿಗೆ ಕಂಪನಿಯವರು ಬೇರೆ ಬಾಡಿಗೆ ಕೇಳಲಿಲ್ಲ, ಅದು ಅವರ ದೊಡ್ಡತನ. ಬೆಕ್ಕೇ? ಬೆಕ್ಕು ಡ್ರೈವರನ ಪಕ್ಕದಲ್ಲಿ ಕೂತು ಎಲ್ಲರಿಗಿಂತ ಮೊದಲೇ ಇಳಿದಿತ್ತು. ಬಿಡಿ, ನಿಮಗೆ ಹೊಳೆಯುವುದಿಲ್ಲ. ಕಳೆದದ್ದು ತೆಗ್ಗು.

ಹೌದು, ತೆಗ್ಗು. ನಿಮ್ಮ ಕಡೆ ಗುಂಡಿ ಎನ್ನುತ್ತೀರೋ ಏನೋ. ಕೈಮಗ್ಗದ ಬುಡದಲ್ಲಿ ಮೊಣಕಾಲು ಮುಳುಗುವಷ್ಟು ನೆಲ ತೋಡಿರುತ್ತಾರೆ. ನೇಕಾರ ಅದರ ದಂಡೆಯ ಮೇಲೆ ಕೂತು, ಕಾಲು ಒಳಗೆ ಇಳಿಬಿಟ್ಟು, ಕೆಳಗೆ ಹಲಗೆ ತುಳಿಯುತ್ತ ಮೇಲೆ ಲಾಳಿ ಓಡಿಸುತ್ತಾನೆ. ಆ ತೆಗ್ಗು. ಬಸಗೊಂಡಪ್ಪನವರ ಲೆಕ್ಕದಲ್ಲಿ ಮಗ್ಗವೆಂದರೆ ಮರ, ನೂಲು ಮತ್ತು ತೆಗ್ಗು, ಮೂರೂ ಸೇರಿ ಒಂದು. ಎಮ್ಮೆ ಮಾರಿದವನು ಬಾಲ ಬಿಚ್ಚಿಟ್ಟುಕೊಳ್ಳುತ್ತಾನೆಯೇ?

ಬನಹಟ್ಟಿಯದು ಬಾಡಿಗೆ ಮನೆ. ಮಾಲೀಕರು ಅಲ್ಲಿ ಪವರ್‌ಲೂಮ್ ಹಾಕುತ್ತೇವೆಂದು ಬಿಡಿಸಿಕೊಂಡರು. ಜಮಖಂಡಿಯಲ್ಲಿ ಬೇರೆ ಮನೆ ಸಿಕ್ಕಿತು. ಸಾಮಾನು ಸಾಗಿಸಲು ಮುಧೋಳದ ‘ಅಖಂಡ ಪ್ಯಾಕರ್ಸ್’ ಎಂಬ ಕಂಪನಿಯನ್ನು ಗೊತ್ತು ಮಾಡಿದರು. ಅವರ ಬೋರ್ಡಿನ ಮೇಲೆ ಕೆಂಪು ಅಕ್ಷರದಲ್ಲಿ ಹೀಗೆ ಬರೆದಿತ್ತು: ‘ಮನೆಯೊಳಗಿನದೆಲ್ಲವನ್ನೂ ಇದ್ದಂತೆಯೇ ತಲುಪಿಸಲಾಗುವುದು.’ ಬಸಗೊಂಡಪ್ಪನವರು ಬೋರ್ಡುಗಳನ್ನು ನಂಬುವ ಪೈಕಿ.

ಹೊಸ ಮನೆಯಲ್ಲಿ ಮಗ್ಗದ ಮರಗಳನ್ನೆಲ್ಲ ಜೋಡಿಸಿ, ಕೂಡಲು ಹೋದಾಗ ಅವರ ಕಾಲು ನೆಲಕ್ಕೆ ಬಡಿಯಿತು. ಕನ್ನಡಿಯಂಥ ಟೈಲ್ಸು. ಮಗ್ಗದ ಮೇಲೆ ಅರ್ಧ ನೇಯ್ದ ಹಸಿರು ಸೀರೆ.

ಈ ಸೀರೆಯ ವಿಷಯ ಹೇಳಬೇಕು. ಅವರ ಮಗಳು ದಾನಮ್ಮನನ್ನು ಬೀಳಗಿಗೆ ಕೊಟ್ಟಿದ್ದರು. ಆಕೆಗೆ ಏಳನೆಯ ತಿಂಗಳು, ಕುಬಸ, ಅಂದರೆ ಸೀಮಂತ, ಮಾಡಿ ಉಡಿ ತುಂಬಬೇಕು. ಮಗಳ ಚೊಚ್ಚಲ ಕುಬಸಕ್ಕೆ ಹಸಿರು ಸೀರೆಯನ್ನು ಅಪ್ಪನೇ ಕೈಯಾರೆ ನೇಯಬೇಕು, ಅಂಗಡಿಯದು ನಡೆಯುವುದಿಲ್ಲ ಎಂಬುದು ಆ ಮನೆತನದ ಪದ್ಧತಿ. ಈ ಪದ್ಧತಿಯನ್ನು ಅವರ ಮಡದಿ ಬೋರವ್ವನವರು ಬೀಗರ ಮನೆಗೆ ಹೋದಾಗಲೆಲ್ಲ ಬಣ್ಣಿಸಿ ಬಂದಿದ್ದರು.

ಬಸಗೊಂಡಪ್ಪನವರು ಮೊದಲು ಮನೆಯ ಮಾಲೀಕ ಮಹಾವೀರ ಅವರ ಹತ್ತಿರ ಹೋದರು. ತೇರದಾಳದ ಕಡೆಯವರು, ಬಹಳ ಸಭ್ಯರು.

“ಸಾವಕಾರ್ರ, ಒಂದೀಟು ನೆಲಾ ತೋಡ್ಲೇನ್ರಿ?”

“ಬಸಗೊಂಡಪ್ಪನವರ, ನಾ ನಿಮಗ ಬಾಡಿಗಿ ಕೊಟ್ಟದ್ದು ಟೈಲ್ಸಿನ ಮ್ಯಾಲಿನ ಮನಿ. ಕೆಳಗಿಂದು ಕೊಟ್ಟಿಲ್ರಿ. ಅದನ್ನ ಯಾರಿಗೂ ಕೊಡಂಗಿಲ್ಲ. ಚಾ ಕುಡೀರಿ.”

ಚಹ ಕುಡಿದು ಮನೆಗೆ ಬಂದರು.

“ಪ್ಯಾಟಿ ಸೀರಿ ಉಡಿಸಿದ್ರ ಆ ಬೀಗತಿ ಸಾಯೂತನಕ ಆಡ್ಕೋತಾಳ,” ಎಂದರು ಬೋರವ್ವ. “ಕಂಪನಿಯವ್ರು ಎಲ್ಲಾ ತರ್ತೀವಿ ಅಂದಿದ್ರಿಲ್ರಿ? ಹೋಗಿ ತೆಗ್ಗು ಎಲ್ಲೈತಿ ಕೇಳ್ರಿ.”

“ತೆಗ್ಗು ಹೆಂಗ ಕೇಳೂದು?”

“ಬಾಯಿಲೆ ಕೇಳ್ರಿ.”

ಕಂಪನಿಯ ಮ್ಯಾನೇಜರ್ ಮಲ್ಲಿನಾಥ ಅವರ ಮೇಜಿನ ಹಿಂದೆ ಗೋಡೆಯ ಮೇಲೆ ನಿಯಮಗಳನ್ನು ತೂಗುಹಾಕಿದ್ದರು. ಕಳೆದ ವಸ್ತುವಿನ ಬಗ್ಗೆ ದೂರು ಕೊಡುವವರು ಸದರಿ ವಸ್ತುವನ್ನು ಗುರುತಿಗಾಗಿ ಕಚೇರಿಗೆ ತರತಕ್ಕದ್ದು. ಮುರಿದ ವಸ್ತುವಿನ ಬಗ್ಗೆ ದೂರು ಕೊಡುವವರು ಅದನ್ನು ಮುರಿಯುವ ಮುಂಚಿನ ಸ್ಥಿತಿಯಲ್ಲಿ ಹಾಜರುಪಡಿಸತಕ್ಕದ್ದು. ಅಳುವುದನ್ನು ಹೊರಗಿನ ಬೆಂಚಿನ ಮೇಲೆ ಮುಗಿಸಿಕೊಂಡು ಒಳಬರತಕ್ಕದ್ದು.

“ಏನ ಕಳದೈತ್ರಿ?” ಎಂದರು ಮಲ್ಲಿನಾಥ.

“ತೆಗ್ಗು.”

ಮಲ್ಲಿನಾಥ ಅವರು ತಲೆ ಎತ್ತಲಿಲ್ಲ. “ಎಷ್ಟು ದೊಡ್ಡದು?”

“ಮೊಣಕಾಲ ಮುಳಗೂವಷ್ಟು.”

“ತೂಕ?”

“ಏನೂ ಇಲ್ರಿ.”

“ಒಳಗ ಏನಿತ್ತು?”

“ನಾನs ಇದ್ನಿ.”

ಇಲ್ಲಿ ಮಲ್ಲಿನಾಥ ಅವರು ಪೆನ್ನು ಕೆಳಗಿಟ್ಟು ವಿಚಾರ ಮಾಡಿದರು. ಅವರು ಹೊಸಬರಲ್ಲ. ‘ನಾವು ತೆಗ್ಗು ಸಾಗಿಸುವುದಿಲ್ಲ’ ಎಂದರೆ ಬೋರ್ಡು ಸುಳ್ಳಾಗುತ್ತದೆ. ‘ಸಾಗಿಸಿದೆವು, ಆದರೆ ಕಳೆಯಿತು’ ಎಂದರೆ ಬೋರ್ಡಿಗೆ ಏನೂ ಆಗುವುದಿಲ್ಲ, ಏಕೆಂದರೆ ಕಳೆಯುವುದು ಕಂಪನಿಯ ದಿನನಿತ್ಯದ ಕೆಲಸ, ಅದಕ್ಕೆ ರೂಢಿಯಾದ ಕ್ರಮವಿದೆ.

“ಖರೇ ಐತ್ರಿ,” ಎಂದರು ಅವರು. “ತೆಗ್ಗು ಕಳದೈತಿ. ತಪಾಸ ಮಾಡೋಣು.”

ತಮ್ಮ ಮಾತನ್ನು ಇಷ್ಟು ಬೇಗ ಒಪ್ಪಿದ ಮೊದಲ ಕಚೇರಿ ಇದೇ ಆದ್ದರಿಂದ ಬಸಗೊಂಡಪ್ಪನವರಿಗೆ ಸ್ವಲ್ಪ ಹೆದರಿಕೆಯಾಯಿತು.

ತಪಾಸಣೆ ಶಿಸ್ತಿನಿಂದ ನಡೆಯಿತು. ಮೊದಲು ಡ್ರೈವರ್ ಕರೆಪ್ಪನನ್ನು ಕರೆಸಿದರು.

“ತೆಗ್ಗು ಲಾರಿಗೆ ಏರಿಸಿದ್ದೀ?”

“ನೆನಪಿಲ್ರಿ ಸಾಹೇಬ್ರ. ಮಂಚದ ಕೆಳಗ ಇಟ್ಟಿರಬೇಕು.”

“ದಾರಿಯೊಳಗ ಏನರ ಬಿದ್ದ ಸಪ್ಪಳ ಆತೇನು?”

“ಸಪ್ಪಳ ಆಗದ ಜಾಗಾನ ಇಲ್ರಿ. ಸಮೀರವಾಡಿ ಸಕ್ಕರಿ ಫ್ಯಾಕ್ಟರಿಗೆ ಹೋಗೂ ಕಬ್ಬಿನ ಟ್ರ್ಯಾಕ್ಟರ್ ತುಳದು ತುಳದು ಇಟ್ಟಾವ ರಸ್ತಾನ.”

ಆಮೇಲೆ ಬನಹಟ್ಟಿಗೆ ಹೋಗಿ ಹಳೆಯ ಮನೆ ನೋಡಿದರು. ಮಾಲೀಕರು ಮನೆ ಖಾಲಿಯಾದ ದಿನವೇ ಸಿಮೆಂಟು ಹಾಕಿ ನೆಲ ಸಮ ಮಾಡಿಸಿದ್ದರು, ತೆಗ್ಗು ಅಲ್ಲಿರಲಿಲ್ಲ. ಜಮಖಂಡಿಗೆ ಬಂದು ಹೊಸ ಮನೆ ನೋಡಿದರು. ಟೈಲ್ಸಿನ ಮೇಲೆ ಬೆಕ್ಕು ಮಲಗಿತ್ತು, ತೆಗ್ಗು ಅಲ್ಲಿಯೂ ಇರಲಿಲ್ಲ. ಮಲ್ಲಿನಾಥ ಅವರು ಅಲ್ಲೇ ನಿಂತು ನಿರ್ಣಯ ಹೇಳಿದರು: ಹಳೆಯ ಮನೆಯಲ್ಲಿಲ್ಲವೆಂದ ಮೇಲೆ ತೆಗ್ಗು ಅಲ್ಲಿಂದ ಹೊರಟದ್ದು ನಿಜ. ಹೊಸ ಮನೆಯಲ್ಲಿಲ್ಲವೆಂದ ಮೇಲೆ ಬಂದು ಮುಟ್ಟದೇ ಇದ್ದದ್ದೂ ನಿಜ. ಆದ್ದರಿಂದ ದಾರಿಯಲ್ಲಿ ಬಿದ್ದಿದೆ.

ಬಸಗೊಂಡಪ್ಪನವರು ಈ ಮಾತನ್ನು ಎರಡು ಸಲ ತಿರುವಿ ಹಾಕಿ ನೋಡಿದರು. ಎಲ್ಲಿಯೂ ಎಳೆ ತಪ್ಪಿರಲಿಲ್ಲ.

ಮರುದಿನ ಬಸ್ ನಿಲ್ದಾಣಗಳಲ್ಲಿ ಪ್ರಕಟಣೆ ಅಂಟಿಸಿದರು. ‘ಸಾರ್ವಜನಿಕರಲ್ಲಿ ವಿನಂತಿ. ಬನಹಟ್ಟಿ–ಜಮಖಂಡಿ ರಸ್ತೆಯಲ್ಲಿ ಒಂದು ಮಗ್ಗದ ತೆಗ್ಗು ಬಿದ್ದುಹೋಗಿರುತ್ತದೆ. ಸಿಕ್ಕವರು ಅದನ್ನು ಮುಚ್ಚದೆ, ಎತ್ತದೆ, ಕೂಡಲೇ ಕಂಪನಿಗೆ ತಿಳಿಸತಕ್ಕದ್ದು. ಸದರಿ ತೆಗ್ಗು ಬಳಸಿದ್ದಾಗಿದ್ದು, ಬೇರೆಯವರ ಉಪಯೋಗಕ್ಕೆ ಬರುವುದಿಲ್ಲ.’

ಸಂಜೆಯೊಳಗೆ ಕಂಪನಿಯ ಫೋನು ಬಿಸಿಯಾಯಿತು. ತೆಗ್ಗು ಸಿಕ್ಕಿದೆ ಎಂದು ಹೇಳದ ಮನುಷ್ಯನೇ ಆ ರಸ್ತೆಯ ಮೇಲೆ ಇರಲಿಲ್ಲ. ಒಬ್ಬರು ಅದರಲ್ಲಿ ಸ್ಕೂಟರ್ ಸಮೇತ ತಾವೇ ಇರುವುದಾಗಿಯೂ, ಬೇಗ ಬರಬೇಕೆಂದೂ ತಿಳಿಸಿದರು.

ಹೀಗಾಗಿ ಗುರುತು ಹಿಡಿಯುವ ಕೆಲಸ ಶುರುವಾಯಿತು. ಕರೆಪ್ಪ ಲಾರಿಯನ್ನು ನಿಧಾನ ಓಡಿಸುವುದು, ತೆಗ್ಗು ಬಂದಲ್ಲಿ ನಿಲ್ಲಿಸುವುದು. ಬಸಗೊಂಡಪ್ಪನವರು ಇಳಿದು, ಧೋತರ ಸರಿಮಾಡಿಕೊಂಡು, ದಂಡೆಯ ಮೇಲೆ ಕೂತು ಕಾಲು ಇಳಿಬಿಡುವುದು. ಮಲ್ಲಿನಾಥ ಅವರು ಛತ್ರಿ ಹಿಡಿಯುವುದು.

“ಇದು ಅಲ್ರಿ, ಕಾಲಿಗೆ ಖಡಿ ಚುಚ್ಚತಾವ.”

“ಇದು?”

“ಇದು ಜೋಡ ಮಗ್ಗದ್ದು. ನಮ್ಮದಲ್ಲ.”

“ಇದರೊಳಗ ನೀರದಾವ.”

“ನೀರು ನಮ್ಮವಲ್ರಿ.”

ಬಸ್ಸಿನವರು ಕಿಟಕಿಯಿಂದ ತಲೆ ಹಾಕಿ, “ಅಜ್ಜಾ, ಅದಕ್ಕಿಂತ ಛಲೋ ತೆಗ್ಗು ಮುಂದ ಐತಿ, ಹೋಗಿ ನೋಡು,” ಎಂದು ಸಲಹೆ ಕೊಡುತ್ತಿದ್ದರು. ಎಲ್ಲರ ಊರಿನ ಮುಂದೆಯೂ ಒಂದೊಂದು ಉತ್ತಮ ತೆಗ್ಗು ಇತ್ತು, ಅದರ ಬಗ್ಗೆ ಅವರಿಗೆ ಅಭಿಮಾನವಿತ್ತು.

ಮಧ್ಯಾಹ್ನ ದಾಟಿದ ಮೇಲೆ, ಕಬ್ಬಿನ ಹೊಲದ ಪಕ್ಕ, ಒಂದು ಬೇವಿನ ಗಿಡದ ನೆರಳು ಬೀಳುವಲ್ಲಿ ಮತ್ತೊಂದು ತೆಗ್ಗಿಗೆ ಬಸಗೊಂಡಪ್ಪನವರು ಕಾಲು ಇಳಿಬಿಟ್ಟರು. ಕಾಲು ಹೋಗಿ ತಾನಾಗಿ ನೆಲಕ್ಕೆ ಮುಟ್ಟಿತು, ಬೆನ್ನು ನೆಟ್ಟಗಾಯಿತು. ತಮ್ಮ ತೆಗ್ಗಿನಲ್ಲಿ ಬಲಗಡೆ ಎಲಿಅಡಿಕೆ ಚೀಲ ಇಡಲು ಒಂದು ಗೂಡು ತೋಡಿದ್ದರು. ಇದರಲ್ಲಿ ಗೂಡು ಇರಲಿಲ್ಲ. ಅವರು ಕೈಯಾಡಿಸಿ ನೋಡಿದರು. ಬೀಳಗಿಯಲ್ಲಿ ಕೂತ ಮಗಳನ್ನು ನೆನೆದರು, ಬೀಗತಿಯನ್ನು ನೆನೆದರು, ಎಲ್ಲಕ್ಕಿಂತ ಹೆಚ್ಚಾಗಿ ಮನೆಯಲ್ಲಿ ಕೂತ ಬೋರವ್ವನನ್ನು ನೆನೆದರು.

“ಇದs ನಮ್ಮದು,” ಎಂದರು.

ಮಲ್ಲಿನಾಥ ಅವರು ಕೈಮುಗಿದು, “ಸಾಮಾನು ಸಿಕ್ಕಿತು,” ಎಂದು ಘೋಷಿಸಿದರು.

“ಹಂಗಾರ ಮನಿಗೆ ಮುಟ್ಟಸ್ರಿ.”

ಇಲ್ಲಿ ಒಂದು ಅಡಚಣೆ ಬಂತು. ತೆಗ್ಗು ಎತ್ತುವಾಗ ಅಂಚು ಒಡೆದರೆ ಅದು ಜಖಮಿನ ದೂರಾಗುತ್ತದೆ, ಜಖಮಿನ ದೂರಿಗೆ ಒಡೆಯದ ತೆಗ್ಗನ್ನು ಹಾಜರುಪಡಿಸಬೇಕಾಗುತ್ತದೆ. ಮಲ್ಲಿನಾಥ ಅವರು ಬೇವಿನ ಗಿಡಕ್ಕೆ ಮೂರು ಸುತ್ತು ಹಾಕಿ, ನಾಜೂಕಿನ ಸಾಮಾನಿದ್ದಲ್ಲಿಗೇ ಗಟ್ಟಿ ಸಾಮಾನನ್ನು ಒಯ್ಯುವುದು ಕಂಪನಿಯ ಪದ್ಧತಿ ಎಂದು ಸಾರಿದರು. ಆ ಪದ್ಧತಿಗೆ ಆಗ ಎರಡು ನಿಮಿಷ ವಯಸ್ಸು.

ಮಗ್ಗ ಲಾರಿ ಏರಿ ರಸ್ತೆಗೆ ಬಂತು. ತೆಗ್ಗಿನ ಮೇಲೆ ಮರಗಳನ್ನು ನಿಲ್ಲಿಸಿದರು, ಬೇವಿನ ಟೊಂಗೆಗೆ ಹಗ್ಗ ಬಿಗಿದರು. ಬೋರವ್ವ ಬಂದು ಪಕ್ಕದಲ್ಲಿ ಕಂಡಿಕೆಗೆ ನೂಲು ಸುತ್ತುತ್ತ ಕೂತರು. ಮರುದಿನದಿಂದ ರಸ್ತೆಯ ಎಡಗಡೆ ಹಸಿರು ಸೀರೆ ಬೆಳೆಯಿತು, ಬಲಗಡೆ ಬಸ್ಸು, ಟ್ರ್ಯಾಕ್ಟರ್, ಆಟೋಗಳು ಹೋದವು. ನೂಲಿನ ಮೇಲೆ ಧೂಳು ಕೂಡುತ್ತದೆಂದು ಬೋರವ್ವ ಗದರಿಸಿದ ಮೇಲೆ ಟ್ರ್ಯಾಕ್ಟರಿನವರು ಅಲ್ಲಿ ಇಳಿದು, ಕೊಡದಿಂದ ನೀರು ಚಿಮುಕಿಸಿ ಮುಂದೆ ಹೋಗತೊಡಗಿದರು.

ಎಲ್ಲ ಸುಸೂತ್ರವಾಗಿತ್ತು. ಸೆರಗು ಮಾತ್ರ ಉಳಿದಿತ್ತು. ಆಗ ರಸ್ತೆ ಇಲಾಖೆಯ ಇಂಜಿನಿಯರ್ ಹಾಲಸಿದ್ದಪ್ಪನವರು ಡಾಂಬರಿನ ಗಾಡಿಯೊಂದಿಗೆ ಬಂದರು. ಆ ವಾರ ‘ತೆಗ್ಗುಮುಕ್ತ ರಸ್ತೆ ಸಪ್ತಾಹ’ವೆಂದು ಮೇಲಿನಿಂದ ಆದೇಶವಾಗಿತ್ತು.

“ಏಳ್ರಿ ಯಜಮಾನ್ರ, ಇದು ಸರ್ಕಾರಿ ತೆಗ್ಗು.”

“ಇಲ್ರಿ,” ಎಂದರು ಮಗ್ಗದ ಪಕ್ಕದಲ್ಲಿದ್ದ ಮಲ್ಲಿನಾಥ. “ನಮ್ಮ ಗಿರಾಕಿಯ ಸಾಮಾನು. ನಮ್ಮ ಲಾರಿಯಿಂದ ಬಿದ್ದದ್ದು.”

“ಲಾರಿಯಿಂದ ತೆಗ್ಗು ಬೀಳತೈತೇನ್ರಿ?”

“ಮತ್ತ ನಿಮ್ಮ ಇಲಾಖೆ ಮಾಡಿದ್ದು ಅಂತೀರೇನ್ರಿ?”

ಹಾಲಸಿದ್ದಪ್ಪನವರು ಸುತ್ತ ನೋಡಿದರು. ಜನ ಕೂಡಿದ್ದರು.

“ಲಾರಿಯಿಂದನ ಬಿದ್ದಿರಬೇಕು,” ಎಂದರು ಕೊನೆಗೆ. “ನಮ್ಮ ರಸ್ತೆಗಳ ತೆಗ್ಗೆಲ್ಲ ಹಂಗs ಬಿದ್ದಾವು. ಆದರೂ ಮುಚ್ಚಬೇಕ್ರಿ, ಆದೇಶ ಐತಿ.”

ಬಸಗೊಂಡಪ್ಪನವರ ಕೈ ಲಾಳಿಯ ಮೇಲೆ ನಿಂತಿತು. ಬೋರವ್ವ ಎದ್ದು ಬಂದರು.

“ಸಾಹೇಬ್ರ, ನಿಮ್ಮ ಆದೇಶದಾಗ ಏನ ಐತಿ, ಒಂದೀಟು ಓದ್ರಿ.”

“‘ರಸ್ತೆಯ ಮೇಲಿನ ಎಲ್ಲ ಖಾಲಿ ತೆಗ್ಗುಗಳನ್ನು ತುಂಬತಕ್ಕದ್ದು.’”

“ಇದು ಖಾಲಿ ಐತೇನ್ರಿ?”

ಹಾಲಸಿದ್ದಪ್ಪನವರು ಬಗ್ಗಿ ನೋಡಿದರು. ಒಳಗೆ ಎರಡು ಕಾಲು, ಎರಡು ಹಲಗೆ, ಒಂದು ಎಲಿಅಡಿಕೆ ಚೀಲ. ಅವರು ನೆಟ್ಟಗಾಗಿ, “ಇದು ಮೊದಲs ತುಂಬೇತಿ,” ಎಂದು ಕೆಲಸದವರಿಗೆ ಹೇಳಿ ಮುಂದಿನ ತೆಗ್ಗಿಗೆ ಹೋದರು. ಹೋಗುವ ಮುಂಚೆ, ಖಾಲಿಯಾದ ಕ್ಷಣವೇ ಡಾಂಬರು ಹಾಕಬೇಕಾಗುತ್ತದೆ, ಅದರಲ್ಲಿ ತಮ್ಮ ಕೈಯಲ್ಲಿ ಏನೂ ಇಲ್ಲ ಎಂದು ವಿನಯದಿಂದ ತಿಳಿಸಿದರು.

ಆದ್ದರಿಂದ ತೆಗ್ಗು ಖಾಲಿಯಾಗದಂತೆ ನೋಡಿಕೊಂಡರು. ಬಸಗೊಂಡಪ್ಪನವರು ಊಟಕ್ಕೆ ಎದ್ದರೆ ಬೋರವ್ವ ಕಾಲು ಇಳಿಬಿಡುತ್ತಿದ್ದರು. ಬೋರವ್ವ ಎದ್ದರೆ ಮಲ್ಲಿನಾಥ. ಒಂದು ಸಲ ಮೂವರಿಗೂ ಕೆಲಸ ಬಂದಾಗ, ಹಾಲಸಿದ್ದಪ್ಪನವರೇ ಬೂಟು ಬಿಚ್ಚಿ ಕೂತರು, ಇಲಾಖೆಯ ಮುತುವರ್ಜಿಯಲ್ಲಿ.

ಸೆರಗು ಮುಗಿಯಿತು. ಸೀರೆಯನ್ನು ಮಗ್ಗದಿಂದ ಕೊಯ್ದು ಇಳಿಸಿದರು. ಆದರೆ ಕುಬಸಕ್ಕೆ ಎಲ್ಲರೂ ಜಮಖಂಡಿಗೆ ಹೋದರೆ ತೆಗ್ಗಿನಲ್ಲಿ ಯಾರಿರಬೇಕು? ಮಗ್ಗದ ಮೇಲೆ ಆಗಲೇ ಬೀಗತಿಗೆಂದು ಇನ್ನೊಂದು ಸೀರೆಯ ನೂಲು ಹೂಡಿಯಾಗಿತ್ತು. ಹಾಗಾಗಿ ಕುಬಸವೇ ರಸ್ತೆಗೆ ಬಂತು. ಬೇವಿನ ಗಿಡದ ಕೆಳಗೆ ಚಪ್ಪರ ಹಾಕಿದರು. ಬೀಳಗಿಯಿಂದ ದಾನಮ್ಮ ಬಂದು ಹಸಿರು ಸೀರೆ ಉಟ್ಟು ಕೂತಳು, ಐದು ಜನ ಮುತ್ತೈದೆಯರು ಉಡಿ ತುಂಬಿದರು. ಬೀಗತಿಯವರು ಸೆರಗನ್ನು ಬೆರಳಲ್ಲಿ ಹಿಡಿದು ಬಹಳ ಹೊತ್ತು ತಪ್ಪು ಹುಡುಕಿದರು, ಸಿಗಲಿಲ್ಲ.

“ನಮ್ಮ ಬೀಳಗಿ ರಸ್ತಾದಾಗೂ ತೆಗ್ಗು ಅದಾವ್ರಿ,” ಎಂದರು ಬೇರೇನೂ ತೋಚದೆ.

“ಇರಬಹುದು,” ಎಂದರು ಬೋರವ್ವ. “ಆದರ ನೇಯಾಕ ಬರಂಗಿಲ್ಲ.”

ಬಸ್ಸುಗಳು ನಿಂತವು, ಪ್ರಯಾಣಿಕರು ಇಳಿದು ಹೋಳಿಗೆ ಉಂಡರು. ಅಂದಿನಿಂದ ಕಂಡಕ್ಟರರು ಅಲ್ಲಿ ಸೀಟಿ ಊದಿ, “ಬಸಗೊಂಡಪ್ಪನ ತೆಗ್ಗು ಇಳಿಯೋರು ಇಳೀರಿ,” ಎನ್ನುತ್ತಾರೆ, ಇಳಿಯುವವರು ಇಳಿಯುತ್ತಾರೆ. ಇದರಲ್ಲಿ ಯಾರಿಗೂ ಏನೂ ವಿಶೇಷ ಕಾಣುವುದಿಲ್ಲ. ಕುಬಸ ನಡೆದ ಹೊತ್ತಿಗೇ ಚಪ್ಪರದ ಇನ್ನೊಂದು ಬದಿಗೆ ಹಾಲಸಿದ್ದಪ್ಪನವರು ಟೇಪು ಕತ್ತರಿಸಿ, ಸಪ್ತಾಹ ಯಶಸ್ವಿಯಾಯಿತೆಂದೂ, ಈ ರಸ್ತೆಯಲ್ಲಿ ಇನ್ನು ಒಂದೇ ಒಂದು ತೆಗ್ಗು ಇಲ್ಲವೆಂದೂ ಸಾರಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಬಸಗೊಂಡಪ್ಪನವರೂ ತಟ್ಟಿದರು, ತೆಗ್ಗಿನಲ್ಲಿ ಕೂತೇ. ಅಂದು ೨೦೨೫ನೆಯ ಇಸವಿ ಫೆಬ್ರವರಿ ಹದಿನೇಳು, ಸೋಮವಾರ.