ಪೇಪರಿನ ಮುದುಕನೂ ನನ್ನ ಸ್ವೆಟರೂ

ಚಳಿ ಶುರುವಾದ ಮೊದಲ ವಾರ ನಮ್ಮ ಪೇಪರಿನ ನಾಲ್ಕನೇ ಪುಟಕ್ಕೆ ಒಬ್ಬ ಮುದುಕ ಬಂದು ಕೂರುತ್ತಾನೆ. ತಲೆಯಿಂದ ಮಂಡಿಯವರೆಗೆ ಕಂಬಳಿ, ಕಂಬಳಿಯ ಹೊರಗೆ ಸುಕ್ಕುಗಟ್ಟಿದ ಎರಡು ಕೈ, ಕೈಯೊಳಗೆ ಒಂದು ಕೋಲು. ಮುಖ ಇಲ್ಲ. ಪಕ್ಕದಲ್ಲಿ ‘ಹಿರಿಯ ಜೀವಗಳನ್ನು ಬೆಚ್ಚಗಿಡಿ: ಹತ್ತು ಸಲಹೆಗಳು’ ಎಂಬ ಲೇಖನ. ಬೆಚ್ಚಗಿಡಿ, ಗಾಳಿಗೆ ಒಡ್ಡಬೇಡಿ, ಆಗಾಗ ಮುಟ್ಟಿ ನೋಡಿ, ಮಗ್ಗುಲು ಬದಲಿಸಿ. (ಕೊನೆಯದು ನಾನು ಸೇರಿಸಿದ್ದು. ಆದರೆ ಉಳಿದದ್ದನ್ನು ಓದಿದರೆ ಬರೆದವರಿಗೆ ಮನುಷ್ಯರ ಬಗ್ಗೆ ಕಾಳಜಿಯೋ, ಮರಿ ಮಾಡಿಸಲು ಇಟ್ಟ ಮೊಟ್ಟೆಯ ಬಗ್ಗೆಯೋ ಎಂದು ಅನುಮಾನ ಬರುತ್ತದೆ.)

ನನಗೆ ಅರವತ್ತೆಂಟು. ದಿನಕ್ಕೆ ಎರಡು ಮೈಲಿ ನಡೆಯುತ್ತೇನೆ, ಕೋಲಿಲ್ಲದೆ. ನಾಲ್ಕನೇ ಪುಟದ ಆ ಮುದುಕನಿಗೂ ನನಗೂ ಯಾವ ಸಂಬಂಧವೂ ಇಲ್ಲ ಎಂದು ನಾನು ನೆಮ್ಮದಿಯಾಗಿದ್ದೆ. ಅಷ್ಟರಲ್ಲಿ ಊರಿನ ಆ ತುದಿಯಿಂದ ಮಗಳ ಫೋನ್ ಬಂತು.

“ಪೇಪರ್ ನೋಡಿದ್ರಾ ಅಪ್ಪ? ಟೋಪಿ ಹಾಕ್ಕೊಂಡಿದ್ದೀರಾ?”

“ಮನೆ ಒಳಗಿದ್ದೀನಿ ಕಣಮ್ಮ.”

“ಒಳಗೇ ಹಾಕ್ಕೋಬೇಕಂತೆ. ಐದನೇ ಸಲಹೆ.”

ಮಗಳಲ್ಲವೇ, ಹೋಗಲಿ ಎಂದುಕೊಂಡೆ. ಆದರೆ ಅದೇ ದಿನ ಕ್ಷೌರಕ್ಕೆ ಹೋದರೆ, ಅಂಗಡಿಯವನು ಕನ್ನಡಿಯಲ್ಲಿ ನನ್ನ ಮುಖವನ್ನು ಕರುಣೆಯಿಂದ ನೋಡಿ, “ಬಿಸಿನೀರು ಹಾಕ್ಲಾ ತಾತ? ತಣ್ಣೀರು ನಿಮಗೆ ಆಗ್ಬರಲ್ವೇನೋ” ಎಂದ. ಅವನ ಕೈಯಲ್ಲಿ ಕತ್ತಿ ಇದ್ದುದರಿಂದ ನಾನು ಉತ್ತರ ಕೊಡಲಿಲ್ಲ. ಅವನು ನನಗಿಂತ ನಾಲ್ಕು ವರ್ಷ ದೊಡ್ಡವನು!

ಮನೆಗೆ ಬಂದವನೇ ನಡುಮನೆಯಲ್ಲಿ ನಿಂತು ಘೋರ ಪ್ರತಿಜ್ಞೆ ಮಾಡಿದೆ. ಪೇಪರಿನವರು ಆ ಫೋಟೋ ಬದಲಾಯಿಸುವವರೆಗೆ ನಾನು ಸ್ವೆಟರ್, ಶಾಲು, ಮಫ್ಲರ್, ಮಂಕಿ ಕ್ಯಾಪು, ಕಾಲುಚೀಲಗಳಾದಿಯಾಗಿ ಯಾವ ಉಣ್ಣೆಯ ವಸ್ತುವನ್ನೂ ಮುಟ್ಟುವುದಿಲ್ಲ!

ಪ್ರತಿಜ್ಞೆಗೆ ಸಾಕ್ಷಿಯಾಗಿದ್ದವಳು ನನ್ನ ಹೆಂಡತಿಯೊಬ್ಬಳೇ. ಅವಳು ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಎರಡು ಸ್ವೆಟರು, ಕಾಲುಚೀಲ, ತಲೆಗೆ ಟೋಪಿ ಹಾಕಿಕೊಂಡು, ಕೊರಿಯರಿನಲ್ಲಿ ಕಳಿಸಲು ಕಟ್ಟಿಟ್ಟ ಪಾರ್ಸೆಲ್ಲಿನಂತೆ ಸೋಫಾದ ಮೂಲೆಯಲ್ಲಿ ಕುಳಿತಿದ್ದಳು.

“ಚಳಿ ಆದ್ರೆ ಹಾಕ್ಕೋಬೇಕು, ಸೆಕೆ ಆದ್ರೆ ಬಿಚ್ಚಬೇಕು. ಇದರಲ್ಲಿ ಪ್ರತಿಜ್ಞೆ ಏನು ಬಂತು?” ಎಂದಳು.

“ಇದು ಮರ್ಯಾದೆ ಪ್ರಶ್ನೆ ಕಣೇ. ವಯಸ್ಸಾದವರು ಅಂದ್ರೆ ಕಂಬಳಿ, ಕೋಲು ಅಷ್ಟೇನಾ?”

“ನಿಮ್ಮ ಮರ್ಯಾದೆಗೆ ಮೂಗು ಸೋರ್ತಿದೆ, ಮೊದಲು ಒರೆಸ್ಕೊಳ್ಳಿ.”

ಪ್ರತಿಜ್ಞೆ ಮಾಡುವುದು ಸುಲಭ. ಪಾಲಿಸುವಾಗಲೇ ಅದರ ಕಷ್ಟ ಗೊತ್ತಾಗುವುದು. ಆ ವಾರ ಚಳಿ ನನ್ನ ಮೇಲೆ ಹಳೇ ಸೇಡು ತೀರಿಸಿಕೊಳ್ಳುವಂತೆ ಬಿತ್ತು. ಮನೆಯಲ್ಲಿ ಎಲ್ಲಿ ಬಿಸಿ ಸಿಗುತ್ತದೆ ಎಂದು ಹುಡುಕತೊಡಗಿದೆ. ಅಡುಗೆಮನೆಯಲ್ಲಿ ಒಲೆಯ ಪಕ್ಕ ನಿಂತರೆ ಹೆಂಡತಿ ತರಕಾರಿ ಹೆಚ್ಚಲು ಕೊಡುತ್ತಿದ್ದಳು. ಆದ್ದರಿಂದ ಮದುವೆಯಾಗಿ ಮೂವತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಇಸ್ತ್ರಿಯ ಜವಾಬ್ದಾರಿಯನ್ನು ನಾನೇ ಹೊತ್ತುಕೊಂಡೆ. ಇಸ್ತ್ರಿಪೆಟ್ಟಿಗೆಗಿಂತ ಒಳ್ಳೆಯ ಸ್ನೇಹಿತ ಚಳಿಗಾಲದಲ್ಲಿ ಇನ್ನೊಬ್ಬನಿಲ್ಲ.

“ರೀ, ಬೆಳಗಿಂದ ಅದೇ ದಿಂಬಿನ ಚೀಲ ಮೂರು ಸಲ ಇಸ್ತ್ರಿ ಮಾಡಿದ್ದೀರಿ” ಎಂದಳು ಅವಳು.

“ಸುಕ್ಕು ಹೋಗಿರಲಿಲ್ಲ.”

“ಮಧ್ಯೆ ಮಧ್ಯೆ ಚೀಲದೊಳಗೆ ಕೈ ಹಾಕ್ಕೊಂಡು ಕೂತಿದ್ರಲ್ಲ, ಅದು ಯಾವ ಸುಕ್ಕು?”

ನರ್ಸುಗಳ ಕಣ್ಣು ತಪ್ಪಿಸಿ ಏನೂ ಮಾಡಲಾಗದು. ಐದನೆಯ ದಿನ, ಪ್ರತಿಜ್ಞೆಯನ್ನು ಬೇಗ ಮುಗಿಸಿಕೊಳ್ಳುವ ಸದುದ್ದೇಶದಿಂದ, ಪೇಪರಿಗೆ ಒಂದು ಖಡಕ್ ಕಾಗದ ಬರೆದೆ. ‘ಮಾನ್ಯರೇ, ನಿಮ್ಮ ಫೋಟೋದ ಮುದುಕ ಎಷ್ಟು ವರ್ಷದಿಂದ ಹೀಗೆ ಕುಳಿತಿದ್ದಾನೆ? ನಮ್ಮಂಥ ಹಿರಿಯರು ನಡೆಯುತ್ತೇವೆ, ನಗುತ್ತೇವೆ, ಜಗಳವಾಡುತ್ತೇವೆ. ಆ ಫೋಟೋ ಹಾಕಿದ ಪುಣ್ಯಾತ್ಮ ಯಾರು? ಅವನಿಗೆ ಅಪ್ಪ ಅಮ್ಮ ಇಲ್ಲವೇ?’ ಇತ್ಯಾದಿ. ಕೊನೆಗೆ ಸಹಿಯ ಕೆಳಗೆ, ತೂಕ ಬರಲಿ ಎಂದು, ‘ನಿಮ್ಮದೇ ಪತ್ರಿಕೆಯ ನಿವೃತ್ತ ನೌಕರ’ ಎಂದು ಸೇರಿಸಿದೆ. ಹೌದು, ಮೂವತ್ನಾಲ್ಕು ವರ್ಷ ಆ ಪೇಪರಿನ ಫೋಟೋ ಕಪಾಟು ನನ್ನ ಕೈಯಲ್ಲಿತ್ತು. ‘ಮಳೆ: ಕೊಡೆ ಹಾರಿಹೋದವರು’, ‘ಪರೀಕ್ಷೆ: ನಗುತ್ತಿರುವ ಹುಡುಗಿಯರು’, ‘ಬೆಲೆ ಏರಿಕೆ: ತಲೆಯ ಮೇಲೆ ಕೈ ಹೊತ್ತ ಗೃಹಿಣಿ’ ಎಂದು ಒಂದೊಂದು ಲಕೋಟೆಗೂ ಹೆಸರು ಬರೆದು ಜೋಡಿಸಿಟ್ಟವನು ನಾನೇ. ಯಾವ ಸುದ್ದಿ ಬಂದರೂ ಎರಡು ನಿಮಿಷದಲ್ಲಿ ಫೋಟೋ ತೆಗೆದುಕೊಡುತ್ತಿದ್ದೆ.

ಮೂರು ದಿನ ಬಿಟ್ಟು ಒಬ್ಬ ಹೆಂಗಸಿನ ಫೋನ್ ಬಂತು. ನನ್ನ ಆ ಕಪಾಟನ್ನು ಈಗ ನೋಡಿಕೊಳ್ಳುತ್ತಿರುವ ಫೋಟೋಗ್ರಾಫರ್. ಹೆಂಡತಿಯೂ ಕೇಳಲಿ ಎಂದು ಜಂಬದಿಂದ ಸ್ಪೀಕರ್ ಹಾಕಿದೆ. (ಈ ಒಂದು ಗುಂಡಿ ಒತ್ತಿದ್ದಕ್ಕೆ ಇವತ್ತಿಗೂ ಪಶ್ಚಾತ್ತಾಪ ಪಡುತ್ತಿದ್ದೇನೆ.)

“ಸಾರ್, ನಿಮ್ಮ ಕಾಗದ ಓದಿದೆ. ನೀವು ಹೇಳಿದ್ದೆಲ್ಲಾ ನಿಜ” ಎಂದಳು ಆಕೆ. “ಆ ಫೋಟೋ ಹಾಕಿದ್ಯಾರು ಅಂತ ನನಗೂ ಕುತೂಹಲ ಆಯ್ತು. ಲಕೋಟೆಯಿಂದ ತೆಗೆದು ಹಿಂದುಗಡೆ ನೋಡ್ದೆ.”

“ನೋಡಿದ್ರಾ? ಯಾರಂತೆ ಆ ಮಹಾನುಭಾವ?”

“ಹಿಂದೆ ಹೀಗೆ ಬರೆದಿದೆ ಸಾರ್: ‘ವೃದ್ಧ. ಚಳಿ. ಪ್ರತಿ ವರ್ಷ ಬಳಸಬಹುದು.’ ಕೆಳಗೆ ನಿಮ್ಮ ಸಹಿ ಇದೆ.”

ಸಾವಿರಾರು ಫೋಟೋಗಳ ನಡುವೆ ಮರೆತುಹೋಗಿದ್ದೆಲ್ಲಾ ನಿಧಾನವಾಗಿ ನೆನಪಿಗೆ ಬಂತು. ಇಪ್ಪತ್ತಾರು ವರ್ಷದ ಹಿಂದೆ, ಒಂದು ಸಂಜೆ, ಚಳಿಯ ಸುದ್ದಿಗೆ ಅರ್ಜೆಂಟಾಗಿ ಫೋಟೋ ಬೇಕಿತ್ತು. ಆಫೀಸಿನ ಗೇಟು ಕಾಯುತ್ತಿದ್ದ ಮೀಸೆಯಣ್ಣನನ್ನು ನಾನೇ ಕರೆತಂದು ಕೂರಿಸಿ, ಅಚ್ಚಿನ ಯಂತ್ರಕ್ಕೆ ಹೊದಿಸುತ್ತಿದ್ದ ಕಂಬಳಿಯನ್ನು ಅವನಿಗೆ ಹೊದಿಸಿ, ಕಿಟಕಿ ತೆರೆಯುವ ಕೋಲನ್ನು ಕೈಗೆ ಕೊಟ್ಟಿದ್ದೆ. ಅವನಿಗೆ ಆಗ ಐವತ್ತೊಂದು ವರ್ಷ. ಚಿಕ್ಕಂದಿನಿಂದ ಮೂಟೆ ಹೊತ್ತು ಕೈ ಮಾತ್ರ ಒರಟಾಗಿ ಸುಕ್ಕುಗಟ್ಟಿತ್ತು. “ಮುಖ ಬರಲ್ವಾ ಸಾರ್? ಮೀಸೆ ತಿದ್ದಿಕೊಂಡು ಬಂದಿದ್ದೆ” ಎಂದು ಕೇಳಿದ್ದ. “ಮುಖ ಬೇಡ, ಕೈ ಸಾಕು” ಎಂದಿದ್ದೆ. ಎಲ್ಲರೂ ನಕ್ಕಿದ್ದೆವು, ಅವನೂ ನಕ್ಕಿದ್ದ. ಅವನು ನಗಬೇಕಾದ ಮಾತೇ ಅದಾಗಿರಲಿಲ್ಲ ಎಂದು ನನಗೆ ಹೊಳೆಯಲು ನನ್ನ ಕೈ ಸುಕ್ಕುಗಟ್ಟಬೇಕಾಯಿತು.

“ಅಂದ್ರೆ ಇಪ್ಪತ್ತಾರು ವರ್ಷದಿಂದ ಆ ಪಾಪದವರನ್ನ ಚಳಿಯಲ್ಲಿ ಕೂರಿಸಿರೋದು ನೀವೇ!” ಎಂದಳು ಹೆಂಡತಿ. ಅವಳು ನಗುತ್ತಾಳೆಂದುಕೊಂಡಿದ್ದೆ. ನಗಲಿಲ್ಲ. ಅದು ಇನ್ನೂ ಕಷ್ಟ.

“ಬೇಜಾರು ಮಾಡ್ಕೋಬೇಡಿ ಸಾರ್” ಎಂದಿತು ಫೋನು. “ಲಕೋಟೆಯಲ್ಲಿ ಬೇರೆ ಫೋಟೋನೇ ಇಲ್ಲ. ಹೊಸದು ತೆಗೀಬೇಕು. ನೀವೇ ಯಾಕೆ ನಿಲ್ಲಬಾರದು?”

ಮುಳುಗುತ್ತಿದ್ದವನಿಗೆ ಹಗ್ಗ ಸಿಕ್ಕಂತಾಯಿತು. ಮೀಸೆಯಣ್ಣನಿಗೆ ಬಿಡುಗಡೆ, ನನ್ನ ತಪ್ಪಿಗೆ ಪ್ರಾಯಶ್ಚಿತ್ತ, ಸಮಸ್ತ ಹಿರಿಯ ಕುಲಕ್ಕೆ ಗೌರವ, ಎಲ್ಲಕ್ಕಿಂತ ಮುಖ್ಯವಾಗಿ ನನಗೆ ಸ್ವೆಟರ್. ಒಂದೇ ಫೋಟೋದಲ್ಲಿ ಎಲ್ಲವೂ! ಮರುದಿನ ಬೆಳಗ್ಗೆ ಆರೂವರೆಗೆ ತಾರಸಿಯ ಮೇಲೆ ಸಿದ್ಧನಾಗಿರಲು ಆಕೆ ಹೇಳಿದಳು. ಆ ಹೊತ್ತಿನ ಬೆಳಕು ಚೆನ್ನಾಗಿರುತ್ತದಂತೆ.

ಅರ್ಧ ತೋಳಿನ ಬಿಳಿ ಶರಟು ಹಾಕಿದೆ. (ಇಸ್ತ್ರಿ ಆಗಿದ್ದೇ ಆಗಿತ್ತು, ಆರು ಸಲ.) ಚಟುವಟಿಕೆಯ ಸಂಕೇತವಾಗಿ ಕೆಳಗಿನ ಮನೆಯವರಿಂದ ಒಂದು ಸ್ಕಿಪ್ಪಿಂಗ್ ಹಗ್ಗ ತಂದಿಟ್ಟುಕೊಂಡಿದ್ದೆ. ಸರಿಯಾಗಿ ಆರೂವರೆಗೆ ತಾರಸಿಯಲ್ಲಿ ಹಗ್ಗ ಹಿಡಿದು ನಿಂತೆ. ಬೆಳಕು ಬಂತು, ಗಾಳಿ ಬಂತು, ಫೋಟೋಗ್ರಾಫರ್ ಬರಲಿಲ್ಲ. ಆರೂಮುಕ್ಕಾಲಾಯಿತು. ಏಳಾಯಿತು. ಹೆಂಡತಿ ಮೆಟ್ಟಿಲ ಬಾಗಿಲಿನಿಂದ ತಲೆ ಹಾಕಿದಳು.

“ಶಾಲು ತಂದಿದ್ದೀನಿ, ಆಕೆ ಬರೋವರೆಗಾದ್ರೂ ಹೊದ್ದುಕೊಳ್ಳಿ.”

“ಪ್ರತಿಜ್ಞೆ.”

“ಕೆಳಗಾದ್ರೂ ಬನ್ನಿ.”

“ಕೂದಲು ಕೆಡುತ್ತೆ.”

“ಇರೋ ಹನ್ನೊಂದು ಕೂದಲಿಗೆ ಇಷ್ಟು ಸೊಕ್ಕು!” ಎಂದು ಬಾಗಿಲು ಹಾಕಿಕೊಂಡು ಹೋದಳು.

ಫೋಟೋಗ್ರಾಫರ್ ಬಂದಾಗ ಏಳೂಮುಕ್ಕಾಲು. ಚಳಿಗೆ ಸ್ಕೂಟರ್ ಸ್ಟಾರ್ಟ್ ಆಗಲಿಲ್ಲವಂತೆ. ಜರ್ಕಿನ್, ಮಫ್ಲರ್, ಕೈಗವಸು ಎಲ್ಲಾ ತೊಟ್ಟಿದ್ದ ನಲವತ್ತರ ಆ ಹೆಂಗಸು ನನ್ನನ್ನು ನೋಡಿ, “ಅಬ್ಬಾ, ನಿಮಗೆ ಚಳಿನೇ ಆಗಲ್ವಾ ಸಾರ್!” ಎಂದು ಬೆರಗಾದಳು. ಆ ಒಂದು ಮಾತಿಗಾಗಿ ಇನ್ನೂ ಅರ್ಧ ಗಂಟೆ ನಿಲ್ಲಲು ನಾನು ಸಿದ್ಧನಿದ್ದೆ. ಹೌದು ಎನ್ನೋಣವೆಂದರೆ ದವಡೆ ತೆರೆಯಲಿಲ್ಲ.

“ಹಗ್ಗ ಆಡಿಸಿ ಸಾರ್.”

ನಾನು ಆಡಿಸಬೇಕಾಗಿರಲಿಲ್ಲ. ಹಗ್ಗ ತಾನಾಗಿಯೇ ಆಡುತ್ತಿತ್ತು.

“ಸರಿ, ಈಗ ಸುಮ್ನೆ ನಿಲ್ಲಿ. ಅಲ್ಲಾಡ್ಬೇಡಿ.”

“ಅ-ಅ-ಅಲ್ಲಾಡ್ತಿಲ್ಲಮ್ಮ.”

ಆಕೆ ಕ್ಯಾಮೆರಾದ ಹಿಂಬದಿ ನೋಡಿ ನಿಟ್ಟುಸಿರು ಬಿಟ್ಟಳು. “ತೆಗೆದಿರೋ ಅಷ್ಟೂ ಫೋಟೋದಲ್ಲಿ ನೀವು ಇಬ್ಬಿಬ್ಬರು ಕಾಣ್ತಿದ್ದೀರಿ ಸಾರ್.”

ಅಷ್ಟರಲ್ಲಿ ಬಾಗಿಲು ಧಡಾರನೆ ತೆರೆಯಿತು. ನನ್ನ ಹೆಂಡತಿ ಬಂದದ್ದು ಹೆಂಡತಿಯಾಗಿ ಅಲ್ಲ, ವಾರ್ಡಿನ ನರ್ಸಾಗಿ. ನನ್ನ ಉಗುರು ನೋಡಿದಳು, ತುಟಿ ನೋಡಿದಳು.

“ಸಾಕು ನಿಲ್ಸಿ ಈ ನಾಟಕ” ಎಂದಳು. “ಎರಡು ವರ್ಷದ ಹಿಂದೆ ಇದೇ ಚಳಿಗೆ ನ್ಯುಮೋನಿಯಾ ಆಗಿ ಹನ್ನೊಂದು ದಿನ ಮಲಗಿದ್ದು ನಿಮಗೆ ಮರೆತಿರಬಹುದು. ಪಕ್ಕದಲ್ಲಿ ಕೂತಿದ್ದವಳು ನಾನು. ನನಗೆ ಮರೆತಿಲ್ಲ.”

(ಆ ನ್ಯುಮೋನಿಯಾದ ವಿಷಯ ನಿಮಗೆ ಹೇಳಿರಲಿಲ್ಲ. ದಿನಕ್ಕೆ ಎರಡು ಮೈಲಿ ನಡೆಯುವವನು ಅದನ್ನೆಲ್ಲಾ ಹೇಳಿಕೊಳ್ಳುವುದುಂಟೇ?) ಅವಳ ದನಿ ಗಟ್ಟಿಯಾಗಿತ್ತು, ಗಲ್ಲ ಮಾತ್ರ ನಡುಗುತ್ತಿತ್ತು. ಅದು ಚಳಿಯಿಂದಲ್ಲ ಎಂದು ನನಗೆ ಗೊತ್ತಾಯಿತು. ಇಷ್ಟು ದಿನ ಅವಳ ಹೆದರಿಕೆಯ ಮೇಲೆ ನಿಂತು ನಾನು ಮರ್ಯಾದೆಯ ಭಾಷಣ ಮಾಡುತ್ತಿದ್ದೆನಲ್ಲ ಎಂದು ನಾಚಿಕೆಯಾಯಿತು. ಸುಮ್ಮನೆ ಅವಳ ಹಿಂದೆ ಮೆಟ್ಟಿಲಿಳಿದೆ, ಹಗ್ಗದ ಸಮೇತ. ಬೆರಳು ಸೆಟೆದುಕೊಂಡು ಹಗ್ಗದ ಹಿಡಿಯನ್ನು ಬಿಡಲೊಲ್ಲದು.

ಸೋಫಾದಲ್ಲಿ ಕೂರಿಸಿ ಒಂದೊಂದೇ ಬೆರಳನ್ನು ಬಿಡಿಸಿದಳು. ನನ್ನ ಸ್ವೆಟರ್ ಎಲ್ಲಿದೆಯೆಂದು ಹುಡುಕುವಷ್ಟು ತಾಳ್ಮೆ ಅವಳಿಗಿರಲಿಲ್ಲ. ತನ್ನ ಮೈಮೇಲಿದ್ದ ಎರಡನ್ನೂ ಬಿಚ್ಚಿ ನನಗೆ ತೊಡಿಸಿದಳು, ತನ್ನ ಟೋಪಿ ತೆಗೆದು ನನ್ನ ತಲೆಗೆ ಹಾಕಿದಳು, ಮೇಲೆ ಕಂಬಳಿ ಸುತ್ತಿದಳು. ಬಿಸಿ ಕಾಫಿಯ ಲೋಟವನ್ನು ನನ್ನ ಕೈಗಿಟ್ಟು, ನಾನದನ್ನು ಚೆಲ್ಲದಂತೆ ಹೊರಗಿನಿಂದ ತನ್ನ ಎರಡೂ ಕೈ ಹಿಡಿದು ಕುಳಿತಳು. ಮೆಟ್ಟಿಲು ಹತ್ತಿಳಿದು ಅವಳ ಮುಖ ಕೆಂಪೇರಿತ್ತು, ಹಣೆಯ ಮೇಲೆ ಕೂದಲು ಬಿದ್ದಿತ್ತು. ಎಷ್ಟೋ ದಿನದಿಂದ ಪಾರ್ಸೆಲ್ಲಿನೊಳಗಿದ್ದ ನನ್ನ ಹೆಂಡತಿಯನ್ನು ನಾನು ಅವತ್ತು ನೋಡಿದೆ.

ಕ್ಲಿಕ್ ಎಂದಿತು.

ಫೋಟೋಗ್ರಾಫರ್ ಕ್ಯಾಮೆರಾ ತಂದು ತೋರಿಸಿದಳು. ಟೋಪಿ ಮತ್ತು ಕಂಬಳಿಯ ನಡುವೆ ನನ್ನ ಮೂಗು ಮಾತ್ರ ಇತ್ತು. ಆದರೆ ಲೋಟದ ಸುತ್ತ ನಾಲ್ಕು ಕೈ ಇದ್ದವು, ಮತ್ತು ಅವಳು ನನ್ನನ್ನು ನೋಡುತ್ತಿದ್ದಳು.

“ಇದನ್ನ ಹಾಕ್ಲಾ ಸಾರ್?” ಆಕೆ ಮೆಲ್ಲಗೆ ಕೇಳಿದಳು.

“ಹಾಕಿ” ಎಂದೆ. ಚಳಿಯಾದರೆ ಅಡ್ಡಿಯಿಲ್ಲ, ಒಬ್ಬನೇ ಕೂತಿಲ್ಲವಲ್ಲ ಎನಿಸಿತು. ಆದರೆ ಮೂವತ್ನಾಲ್ಕು ವರ್ಷದ ಅನುಭವ ಸುಮ್ಮನಿರಲು ಬಿಡುತ್ತದೆಯೇ? ಫೋಟೋದ ಅಡಿಬರಹವನ್ನು ನಾನೇ ಬರೆದುಕೊಟ್ಟೆ: ‘ಚಳಿಯ ಬೆಳಗಿನಲ್ಲಿ ಪರಸ್ಪರರನ್ನು ಬೆಚ್ಚಗಿಟ್ಟಿರುವ ಹಿರಿಯ ದಂಪತಿ.’ ಒಂದಕ್ಷರ ಬದಲಾಗಕೂಡದು ಎಂದು ಮಾತು ತೆಗೆದುಕೊಂಡೆ.

ಭಾನುವಾರ ಪೇಪರ್ ಬಂತು. ನಾಲ್ಕನೇ ಪುಟದಲ್ಲಿ ಮೀಸೆಯಣ್ಣ ಇರಲಿಲ್ಲ. ಅರ್ಧ ಪುಟದಷ್ಟು ದೊಡ್ಡದಾಗಿ ನಾವಿಬ್ಬರೂ ಇದ್ದೆವು. ಹೆಮ್ಮೆಯಿಂದ ಕನ್ನಡಕ ಏರಿಸಿ, ಹೆಂಡತಿಗೆ ಕೇಳುವಂತೆ ಅಡಿಬರಹವನ್ನು ಗಟ್ಟಿಯಾಗಿ ಓದಿದೆ.

‘ಚಳಿಗೆ ತತ್ತರಿಸಿದ ವೃದ್ಧ ತಂದೆಯ ಆರೈಕೆಯಲ್ಲಿ ಮಗಳು.’

ಅಷ್ಟರಲ್ಲೇ ಫೋನು. ಫೋಟೋಗ್ರಾಫರ್ ಅಳುವುದೊಂದು ಬಾಕಿ. “ಕ್ಷಮಿಸಿ ಸಾರ್, ನೀವು ಬರೆದಿದ್ದನ್ನೇ ಕೊಟ್ಟಿದ್ದೆ. ದಂಪತಿ ಅಂತ ತಪ್ಪು ಬಿದ್ದಿದೆ ಅಂದ್ಕೊಂಡು ಪುಟ ನೋಡೋ ಡೆಸ್ಕಿನವರು ಫೋಟೋ ನೋಡಿ ತಿದ್ದಿಬಿಟ್ಟಿದ್ದಾರೆ. ನಾಳೆನೇ ತಿದ್ದುಪಡಿ ಹಾಕಿಸ್ತೀನಿ.”

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಫೋನು ಕಿತ್ತುಕೊಂಡಳು. “ತಿದ್ದುಪಡಿ ಏನೂ ಬೇಡಮ್ಮ. ಒಂದೊಂದ್ಸಲ ಪೇಪರಲ್ಲೂ ನಿಜ ಬಂದ್ಬಿಡುತ್ತೆ. ಇನ್ನು ಪ್ರತಿ ವರ್ಷ ಇದನ್ನೇ ಹಾಕ್ತೀರಿ ತಾನೇ?”

“ಹಾಕ್ತೀವಿ ಆಂಟಿ.”

“ಆಂಟಿ ಅನ್ಬೇಡ. ಅಕ್ಕ ಅನ್ನು.”

ಫೋನಿಟ್ಟು, ಬೀರುವಿನ ಬಾಗಿಲು ತೆರೆದು ನನ್ನ ಮಂಕಿ ಕ್ಯಾಪನ್ನು ಹುಡುಕಿ ತೆಗೆದಳು. ಅರವತ್ತಾರು ವರ್ಷದ ನನ್ನ ಹೆಂಡತಿ ಅಷ್ಟು ಹಗುರವಾಗಿ ಹೆಜ್ಜೆ ಹಾಕಿದ್ದನ್ನು ನಾನು ಈಚೆಗೆ ನೋಡಿರಲಿಲ್ಲ. ಎದುರಿಗೆ ಬಂದು ನಿಂತು, ಕ್ಯಾಪನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದಳು.

“ಅಪ್ಪಾಜೀ, ಸ್ವಲ್ಪ ತಲೆ ಬಗ್ಗಿಸಿ” ಎಂದಳು.

ನಾನು ಬಗ್ಗಿಸಿದೆ.