ಒಳಗಿನ ಹಳೆಯ ಕಂಪ್ಯೂಟರು

ಗ್ರಂಥಾಲಯದ ಹಳೆಯ ಕಂಪ್ಯೂಟರು ಆ ಬೆಳಿಗ್ಗೆ ಕಣ್ಣು ಮುಚ್ಚಿತು. ಅದರಲ್ಲಿದ್ದ ಅರವತ್ತು ಸಾವಿರ ಪುಸ್ತಕಗಳ ಪಟ್ಟಿಯ ಒಂದೇ ಒಂದು ನಕಲು ಹೊಸ ಕಂಪ್ಯೂಟರಿನಲ್ಲಿತ್ತು, ನಿಜ. ಆದರೆ ಆ ಹಟಮಾರಿ ಪಟ್ಟಿ ಇಪ್ಪತ್ತೈದು ವರ್ಷ ಹಿಂದಿನ ಆಪರೇಟಿಂಗ್ ಸಿಸ್ಟಮ್ಮಿನಲ್ಲಲ್ಲದೆ ಬೇರೆಲ್ಲೂ ಬಾಯಿ ಬಿಡದು.

ಪಟ್ಟಿಯ ಗುಮಾಸ್ತ ಯಾರು ಏನು ಕೇಳಿದರೂ “ತಾಳಪ್ಪ, ತಾಳು” ಎನ್ನುವವನು. ಹಾಗಾಗಿ ಅವನ ಹೆಸರೇ ತಾಳಪ್ಪ ಎಂದಾಗಿತ್ತು. ಇಂದು ತಾಳುವವರಿರಲಿಲ್ಲ.

“ನಾಲ್ಕು ಗಂಟೆಗೆ ನಿರ್ದೇಶಕರು ಬರ್ತಾರೆ,” ಎಂದರು ಮೇಲ್ವಿಚಾರಕಿ. “ಪಟ್ಟಿ ತೆರೀಲಿಲ್ವೋ, ನೆಲಮಾಳಿಗೇಲಿ ಹಳೇ ರಿಜಿಸ್ಟರ್ ಮುಂದೆ ಕೂತು ಅರವತ್ತು ಸಾವಿರಾನೂ ಕೈಯಲ್ಲೇ ಬರ್ಕೊಳ್ಳಿ.”

ತಾಳಪ್ಪ ದೇವರ ಮೇಲೆ ಭಾರ ಹಾಕಿ, ತನ್ನ ಹೊಸ ಕಂಪ್ಯೂಟರಿನೊಳಗೆ ಒಂದು ವರ್ಚುವಲ್ ಮಷೀನು, ಅಂದರೆ ತೋರಿಕೆಯ ಕಂಪ್ಯೂಟರು, ಮಾಡಿ, ಮನೆಯೊಳಗೆ ಮನೆ ಕಟ್ಟಿದ ಹಾಗೆ, ಅದರಲ್ಲಿ ಹಳೆಯ ಸಿಸ್ಟಮ್ಮನ್ನು ಕೂರಿಸತೊಡಗಿದ.

“ಅದಕ್ಕೆಷ್ಟು ಮೆಮೊರಿ ಕೊಟ್ರಿ?” ಪತ್ರಿಕಾ ವಿಭಾಗದ ಅಕ್ಕ ಹೆಗಲ ಮೇಲಿಂದ ಇಣುಕಿದಳು.

“ಕಾಲು ಭಾಗ, ಅಕ್ಕ.”

“ಅಯ್ಯೋ ಜಿಪುಣ! ಬಂದ ನೆಂಟರಿಗೆ ಹೀಗಾ ಬಡಿಸೋದು? ಪೂರ್ತಿ ಕೊಡಿ.”

ಕೊಟ್ಟ. ನೆಂಟ ಉಂಡ, ಮನೆಯವರು ಮೂರ್ಛೆ ಹೋದರು. ಕಂಪ್ಯೂಟರು ಕಲ್ಲಾಯಿತು. ಪ್ಲಗ್ ಕಿತ್ತು, ಕಾಲು ಭಾಗವನ್ನೇ ಕೊಟ್ಟು, ಮೊದಲಿಂದ ಶುರು.

ಈ ಸಲ ಕೆಲಸ ನೂರಕ್ಕೆ ನೂರು ಮುಗಿದು ಮಷೀನು ತಾನೇ ಆರಿ ಹೊತ್ತಿಕೊಂಡಿತು. ಪರದೆಯ ಮೇಲೆ ಬಂದದ್ದು: ‘ಸ್ವಾಗತ. ಇನ್‌ಸ್ಟಾಲ್ ಆರಂಭಿಸೋಣವೇ?’ ಹೋಗಿಬರುತ್ತೇನೆಂದು ಚಪ್ಪಲಿ ಮೆಟ್ಟಿದವನು ಬಾಗಿಲಿಂದಲೇ ತಿರುಗಿ ಬಂದು ‘ಎಲ್ಲ ಕ್ಷೇಮವೇ?’ ಎಂದ ಹಾಗೆ. ಮತ್ತೆ ಮಾಡಿದ. ಮತ್ತೆ ನೂರು. ಮತ್ತೆ ‘ಸ್ವಾಗತ’.

“ಗದರಿಸಿ ನೋಡಿ,” ಎಂದ ಬೈಂಡಿಂಗಿನವನು, ಕೈಯ ಅಂಟು ಒರೆಸಿಕೊಳ್ಳುತ್ತ.

“ಗದರಿಸಿದ್ರೆ ಕೇಳೋಕೆ ಅದೇನು ನಿಮ್ಮ ಅಳಿಯನಾ?” ಎಂದಳು ಅಕ್ಕ.

“ನನ್ನ ಅಳಿಯ ಯಾವತ್ತು ಕೇಳಿದ್ದಾನೆ!”

ಮೂರೂವರೆಗೆ ತಾಳಪ್ಪನಿಗೆ ಹೊಳೆಯಿತು. ಇನ್‌ಸ್ಟಾಲ್ ಡಿಸ್ಕನ್ನು ಅವನು ಹೊರತೆಗೆದೇ ಇರಲಿಲ್ಲ. ಮಷೀನು ಎದ್ದಾಗಲೆಲ್ಲ ಮೊದಲು ಅದರ ಮುಖವನ್ನೇ ನೋಡುತ್ತಿತ್ತು. ತೆಗೆದ. ಹಳೆಯ ಸಿಸ್ಟಮ್ಮು ಎದ್ದು ಕುಳಿತಿತು, ಪಟ್ಟಿ ಬಾಯಿ ಬಿಟ್ಟಿತು!

“ಸಾಹೇಬ್ರಿಗೆ ದೊಡ್ಡದಾಗಿ ಕಾಣ್ಲಿ,” ಎಂದು ಅಕ್ಕ ಕೈ ಚಾಚಿ ಅದನ್ನು ಪರದೆ ತುಂಬ ಹಿಗ್ಗಿಸಿದಳು. ಹೊಸ ಸಿಸ್ಟಮ್ಮು ಅದರ ಹಿಂದೆ ಮರೆಯಾಯಿತು.

ನಿರ್ದೇಶಕರು ಬಂದರು, ಪರದೆ ನೋಡಿದರು, ಕರಗಿ ನೀರಾದರು. “ಛೆ, ಛೆ! ಈ ಕಾಲದಲ್ಲೂ ಇಂಥ ಮುದಿ ಕಂಪ್ಯೂಟರಿನ ಜೊತೆ ಒದ್ದಾಡ್ತಿದ್ದೀಯಲ್ಲಪ್ಪ!”

“ಸಾರ್, ಒಳಗಿರೋದು ಮಾತ್ರ ಹಳೇದು. ಹೊರಗಿರೋದು ಹೊಸದೇ...”

“ಅದೇ ನಾನೂ ಹೇಳೋದು! ಹೊಸ ಡಬ್ಬದಲ್ಲಿ ಹಳೇ ಸರಕು ತುಂಬಿ ಕೊಟ್ಟಿದ್ದಾರೆ ಕಳ್ಳರು.”

ತಾಳಪ್ಪ ಮೇಲ್ವಿಚಾರಕಿಯತ್ತ ನೋಡಿದ. ನಿರ್ದೇಶಕರು ಹಗಲನ್ನು ರಾತ್ರಿ ಎಂದರೆ ದೀಪ ಹಚ್ಚುವ ಹೆಂಗಸು ಆಕೆ. ಆಗಲೇ ಪ್ಲಗ್ ಕೀಳಿಸುತ್ತಿದ್ದರು. ದೇವರ ಕೋಪಕ್ಕೆ ಪರಿಹಾರವುಂಟು, ಅಧಿಕಾರಿಯ ಕರುಣೆಗಿಲ್ಲ. ಹತ್ತು ನಿಮಿಷದಲ್ಲಿ ಕಂಪ್ಯೂಟರು ಗುಜರಿ ಗಾಡಿ ಹತ್ತಿತು, ಪಟ್ಟಿಯ ಸಮೇತ.

“ಹೊಸದಕ್ಕೆ ಈಗಲೇ ಸಹಿ ಹಾಕ್ತೀನಿ,” ನಿರ್ದೇಶಕರು ತಾಳಪ್ಪನ ಬೆನ್ನು ತಟ್ಟಿದರು. “ಬರೋಕೆ ಒಂದೆಂಟು ತಿಂಗಳು. ಅಲ್ಲೀವರೆಗೆ ಪಾಪ, ಇವನಿಗೇನು ಕೆಲಸ?”

“ಅದರ ಚಿಂತೆ ನಿಮಗೆ ಬೇಡ ಸಾರ್,” ಎಂದು ಮೇಲ್ವಿಚಾರಕಿ ನೆಲಮಾಳಿಗೆಯ ಬೀಗದ ಕೈಯನ್ನು ತಾಳಪ್ಪನ ಅಂಗೈಯಲ್ಲಿಟ್ಟರು.