ಗೃಹಸಾಲದ ಸ್ವಯಂವರ

ಬಡ್ಡಿ ದರದ ವಿಷಯದಲ್ಲಿ ನನಗಿಂತ ಹೆಚ್ಚು ತಿಳಿದವನು ಮುಂಬೈ ಪಕ್ಕದ ಠಾಣೆ ಪಟ್ಟಣದಲ್ಲಿ ಯಾರಾದರೂ ಇದ್ದರೆ, ಅವನಿನ್ನೂ ನನ್ನ ಕಣ್ಣಿಗೆ ಬಿದ್ದಿಲ್ಲ. ನಾನು ಸಂಕರ್ಷಣ, ಮೂಲ ಮೈಸೂರು. ಪಕ್ಕದ ಐರೋಲಿಯ ಹಣಕಾಸು ಕಂಪನಿಯೊಂದರಲ್ಲಿ ಕೆಲಸ. ಹಲ್ಲುಜ್ಜುವ ಮೊದಲೇ, ಬ್ಯಾಂಕ್ ಬಡ್ಡಿಗಳನ್ನೆಲ್ಲ ಏರಿಳಿಸುವ ರಿಸರ್ವ್ ಬ್ಯಾಂಕಿನ ರೆಪೋ ದರದ ಧ್ಯಾನ. ಅಂಥ ನಾನು ಕಳೆದ ವರ್ಷ ಸಂಕ್ರಾಂತಿಯ ಮರುದಿನ ಹೆಂಡತಿಯ ಎದುರು ಘೋಷಿಸಿದೆ. "ಯಾಮಿನಿ, ಈ ವರ್ಷ ಸ್ವಂತ ಮನೆ. ಅದೂ ಇಡೀ ಮಹಾರಾಷ್ಟ್ರದಲ್ಲೇ ಅತಿ ಕಡಿಮೆ ಬಡ್ಡಿಗೆ."

ಯಾಮಿನಿ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ. "ಬಡ್ಡಿ ಎಷ್ಟಾದ್ರೂ ಇರಲಿ ರೀ. ಮನೆ ಅಂತ ಒಂದು ಆದ್ರೆ ಸಾಕು."

ಅವಳ ಕಷ್ಟ ಅವಳಿಗೆ. ಮದುವೆಯಾದಾಗಿನಿಂದ ಇದು ಐದನೆಯ ಬಾಡಿಗೆ ಮನೆ. ಹನ್ನೊಂದು ತಿಂಗಳಿಗೊಮ್ಮೆ ಕರಾರು, ಕರಾರಿಗೊಮ್ಮೆ ಮಾಲೀಕರ ಹೊಸ ಮುಖಭಾವ. ಗೋಡೆಗೆ ಮೊಳೆ ಹೊಡೆಯುವಂತಿಲ್ಲವಾದ್ದರಿಂದ ನಮ್ಮ ಮದುವೆಯ ಫೋಟೋ ಬೀರುವಿನ ಮೇಲೆ ಗೋಡೆಗೆ ಒರಗಿಕೊಂಡೇ ಸಂಸಾರ ಮಾಡುತ್ತಿತ್ತು.

ಮನೆಯನ್ನು ಹುಡುಕಿದವಳೂ ಅವಳೇ. ಐರೋಲಿಯಲ್ಲಿ ನಾಲ್ಕನೇ ಮಹಡಿ, ಎರಡು ಮಲಗುವ ಕೋಣೆ, ನನ್ನ ಆಫೀಸಿಗೆ ನಡಿಗೆಯ ದೂರ. ಅಡುಗೆಮನೆಯ ಕಿಟಕಿಯಿಂದ ಖಾಡಿ ಎನ್ನುವ ಸಮುದ್ರದ ಹಿನ್ನೀರೂ ಮುಲುಂಡಿನ ಸೇತುವೆಯೂ ಕಾಣುತ್ತಿದ್ದವು. ಯಾಮಿನಿ ಆ ಕಿಟಕಿಯ ಬಳಿ ಬಹಳ ಹೊತ್ತು ನಿಂತಳು. "ಇಲ್ಲಿ ನಿಂತು ಚಪಾತಿ ಲಟ್ಟಿಸೋಕೆ ಬೇಜಾರೇ ಆಗಲ್ಲ. ನಾಳೆನೇ ಟೋಕನ್ ಅಡ್ವಾನ್ಸ್ ಕೊಡೋಣ."

"ಆತುರ ಬೇಡ," ಎಂದೆ. "ಬಡ್ಡಿ ಇಳಿಯುವ ಕಾಲ ಇದು."

ಫೆಬ್ರವರಿಯಲ್ಲಿ ಬಡ್ಡಿ ಇಳಿಯಿತು. ನಾನೇ ಏಣಿ ಹಾಕಿ ಇಳಿಸಿದವನಂತೆ ಪೇಡಾ ತಂದೆ. "ಈಗ ಟೋಕನ್ ಕೊಡೋಣ್ವಾ?" ಎಂದಳು. "ಏಪ್ರಿಲ್‌ನಲ್ಲಿ ಇನ್ನೂ ಇಳಿಯುತ್ತೆ, ನೋಡ್ತಿರು," ಎಂದೆ. ಏಪ್ರಿಲ್‌ನಲ್ಲೂ ಇಳಿಯಿತು. ಮತ್ತೆ ಪೇಡಾ. ನನ್ನ ಭವಿಷ್ಯವಾಣಿ ನಿಜವಾದಷ್ಟೂ ಯಾಮಿನಿಯ ಮುಖ ಸಣ್ಣದಾಗುತ್ತಿತ್ತು.

ಕೊನೆಗೂ ಸಾಲಕ್ಕೆ ಅರ್ಜಿ ಹಾಕುವ ಶುಭ ಮುಹೂರ್ತ ಬಂತು. ಸಾಮಾನ್ಯ ಜನ ಒಂದು ಬ್ಯಾಂಕಿಗೆ ಹೋಗಿ ಕೈಕಟ್ಟಿ ನಿಲ್ಲುತ್ತಾರೆ. ನಾನು ಸ್ವಯಂವರ ಏರ್ಪಡಿಸಿದೆ. ಒಂದೇ ಭಾನುವಾರ ಹನ್ನೊಂದು ಬ್ಯಾಂಕುಗಳಿಗೆ ಆನ್‌ಲೈನ್ ಅರ್ಜಿ ಹಾಕಿದೆ. ಅವು ತಮ್ಮತಮ್ಮಲ್ಲೇ ಪೈಪೋಟಿಗೆ ಬಿದ್ದು ಬಡ್ಡಿ ಇಳಿಸುತ್ತಾ ಬರಬೇಕು, ಅತಿ ಕಡಿಮೆ ಹೇಳಿದವರ ಕೊರಳಿಗೆ ನಾನು ಹಾರ ಹಾಕಬೇಕು.

ಮೊದಲು ಕರೆ ಬಂದ ಬ್ಯಾಂಕಿಗೆ ಇಬ್ಬರೂ ಹೋದೆವು. ಸಾಲ ವಿಭಾಗದಲ್ಲಿದ್ದ ಅಶ್ಮಿತಾ ಎಂಬ ಹುಡುಗಿ ಮಂಗಳೂರಿನವಳು. ಕನ್ನಡ ಕೇಳಿ ಖುಷಿಪಟ್ಟು ಕಂಪ್ಯೂಟರ್ ನೋಡಿದವಳು ಗಂಭೀರಳಾದಳು.

"ಸರ್, ರೆಪೋ ಇಳಿದದ್ದು ಹೌದು. ಆದರೆ ನಿಮ್ಮ ರೇಟು ಏರಿದೆ."

"ಒಂದೇ ದೇಶದಲ್ಲಿ ಅದು ಹೇಗಮ್ಮ ಸಾಧ್ಯ?"

"ಕ್ರೆಡಿಟ್ ಸ್ಕೋರ್ ನೋಡಿ ಬಡ್ಡಿ ಹಾಕುವುದು ಸರ್. ಹನ್ನೊಂದು ಬ್ಯಾಂಕಿನವರು ಒಟ್ಟಿಗೆ ನಿಮ್ಮ ಸಾಲದ ಚರಿತ್ರೆ ತೆಗೆದು ನೋಡಿದ್ದಾರೆ. ಹಾಗಾದಾಗ ಸ್ಕೋರ್ ಬೀಳ್ತದೆ. ಈ ಮನುಷ್ಯನಿಗೆ ಏನೋ ದೊಡ್ಡ ತಾಪತ್ರಯ ಉಂಟು ಅಂತ ಅರ್ಥ."

"ತಾಪತ್ರಯ ಅಲ್ಲಮ್ಮ, ನಾನು ಸ್ವಯಂವರ ಮಾಡಿದ್ದು."

"ಒಂದೇ ದಿನ ಹನ್ನೊಂದು ಮನೆಗೆ ಹೆಣ್ಣು ಕೇಳಲಿಕ್ಕೆ ಹೋದ ಗಂಡಿನ ಬಗ್ಗೆ ಊರವರು ಏನು ಹೇಳ್ತಾರೆ ಸರ್?" ಎಂದು ಆಕೆ ಮೆಲ್ಲಗೆ ಕೇಳಿದಳು. "ಕೆಲವು ತಿಂಗಳು ಎಲ್ಲೂ ಅರ್ಜಿ ಹಾಕದೆ ಸುಮ್ಮನಿರಿ. ಸ್ಕೋರ್ ಪುನಃ ಸರಿಯಾಗ್ತದೆ."

ದೇಶಕ್ಕೆಲ್ಲ ಬಡ್ಡಿ ಇಳಿದು, ನನಗೊಬ್ಬನಿಗೆ ಏರಿತ್ತು. ಹೊರಗೆ ಬಂದಾಗ ಯಾಮಿನಿ ಕೇಳಿದಳು. "ಒಟ್ಟಿನಲ್ಲಿ ಇಳಿದಿದ್ದು ಬಡ್ಡಿನಾ, ನಿಮ್ಮ ಮರ್ಯಾದೆನಾ?"

"ಕೆಲವು ತಿಂಗಳು ತಾನೇ? ಅಷ್ಟರಲ್ಲಿ ರೆಪೋ ಇನ್ನೂ ಇಳಿಯುತ್ತೆ. ಇದು ವರವೇ," ಎಂದೆ. ಅವಳು ಅಂದು ರಾತ್ರಿ ಬರೀ ಮೊಸರನ್ನ ಬಡಿಸಿದಳು.

ಈಗ ಮುಂಡಪ್ಪನವರ ವಿಷಯ. ಉಡುಪಿ ಕಡೆಯವರು, ಠಾಣೆಯಲ್ಲಿ ಒಂದು, ಐರೋಲಿಯಲ್ಲಿ ಒಂದು ಹೋಟೆಲ್. ಬೆಳಿಗ್ಗೆ ಐರೋಲಿಯ ಲೋಕಲ್‌ನಲ್ಲಿ ನನ್ನ ಪಕ್ಕದಲ್ಲೇ ನೇತಾಡುವವರು. ಅವರಿಗೆ ನಾನು ದಿನವೂ ಗೃಹಸಾಲದ ಪಾಠ ಹೇಳುತ್ತಿದ್ದೆ. ಆ ಫ್ಲಾಟ್ ಎಷ್ಟು ಚೆನ್ನಾಗಿದೆ, ಬೆಲೆ ಎಷ್ಟು ನ್ಯಾಯವಾಗಿದೆ, ಪತ್ರಗಳು ಎಷ್ಟು ಶುದ್ಧವಾಗಿವೆ ಎಂಬುದನ್ನೆಲ್ಲ ವರ್ಣಿಸಿ, ನಾನು ಯಾಕೆ ಕಾಯುತ್ತಿದ್ದೇನೆ ಎಂಬ ತತ್ವವನ್ನೂ ವಿವರಿಸಿದೆ.

ಮುಂಡಪ್ಪನವರು ಯೋಚಿಸಿ ಕೇಳಿದರು. "ಅಲ್ಲ ಮಾರಾಯ್ರೆ, ಈಗಲೇ ಸಾಲ ತಗೊಂಡ್ರೆ, ಆಮೇಲೆ ಬಡ್ಡಿ ಇಳಿದಾಗ ನಮಗೂ ಇಳಿಯುವುದಿಲ್ಲವಾ?"

"ಇಳಿಯುತ್ತೆ. ಫ್ಲೋಟಿಂಗ್ ಅಂದರೆ ಅದೇ."

"ಮತ್ತೆ ನೀವು ಕಾಯುವುದು ಎಂಥದಕ್ಕೆ?"

ರೈಲು ಐರೋಲಿಗೆ ಬಂತು. "ಅದು ಸ್ವಲ್ಪ ಮೇಲ್ಮಟ್ಟದ ವಿಷಯ," ಎಂದು ಇಳಿದೆ.

"ಹಾಗಾದ್ರೆ ಆ ಮನೆ ನಿಮಗೆ ಈಗ ಬೇಡ?" ಎಂದು ಅವರು ಪ್ಲಾಟ್‌ಫಾರ್ಮಿನಲ್ಲಿ ಇನ್ನೊಮ್ಮೆ ಕೇಳಿದರು. ಈಗ ಬೇಡ ಎಂದೆ. ದೊಡ್ಡ ಮನಸ್ಸಿನಿಂದ ಏಜೆಂಟನ ನಂಬರನ್ನೂ ನಾನೇ ಕೊಟ್ಟೆ.

ಮುಂದಿನ ತಿಂಗಳು ಮುಂಡಪ್ಪನವರು ರೈಲಿನಲ್ಲಿ ಪೇಡಾ ಹಂಚಿದರು. ಆ ಮನೆ ಅವರ ಹೆಸರಿಗೆ ರಿಜಿಸ್ಟರ್ ಆಗಿತ್ತು. ಅದನ್ನು ಯಾಮಿನಿಗೆ ಹೇಗೆ ಹೇಳಿದೆನೋ ನನಗೇ ನೆನಪಿಲ್ಲ. ಅವಳು ಬೈಯಲಿಲ್ಲ. ಬಾಲ್ಕನಿಗೆ ಹೋಗಿ ಒಣಗಿದ ಬಟ್ಟೆ ಮಡಚತೊಡಗಿದಳು. ಮಡಚಿದ್ದನ್ನೇ ಬಿಡಿಸಿ ಮತ್ತೆ ಮಡಚಿದಳು. ಅದನ್ನು ನೋಡುತ್ತಾ ಮೊದಲ ಬಾರಿಗೆ ರೆಪೋ ದರ ನನಗೆ ಕಹಿಯಾಯಿತು.

ಅಕ್ಟೋಬರಿನಲ್ಲಿ ನಮ್ಮ ಮಾಲೀಕರು ಮಗನ ಮದುವೆಗೆಂದು ಮನೆ ಖಾಲಿ ಮಾಡಲು ಹೇಳಿದರು. ಏಳನೇ ಕ್ಲಾಸಿನ ಮಗಳು ಇಂಚರ, "ಬಾಬಾ, ಪುನ್ಹಾ ಶಿಫ್ಟಿಂಗ್?" ಎಂದು ಮರಾಠಿಯಲ್ಲಿ ನಿಟ್ಟುಸಿರಿಟ್ಟಳು. ಮನೆ ಹುಡುಕುವ ಕೆಲಸವನ್ನು ಯಾಮಿನಿ ನನಗೆ ಬಿಡಲಿಲ್ಲ. ತಾನೇ ಯಾರಿಗೋ ಫೋನ್ ಮಾಡಿ ಗೊತ್ತುಮಾಡಿದಳು. ಸಾಮಾನಿನ ಟೆಂಪೋ ಹಿಂದೆ ಹೋಗಿ ನೋಡುತ್ತೇನೆ, ಅದೇ ಕಟ್ಟಡ, ಅದೇ ನಾಲ್ಕನೇ ಮಹಡಿ. ಬೀಗದಕೈ ಹಿಡಿದು ನಿಂತವರು ಮುಂಡಪ್ಪನವರು.

"ನಮ್ಮವಳು ಠಾಣೆ ಬಿಟ್ಟು ಬರುವುದಿಲ್ಲ ಅಂತಾಳೆ," ಎಂದರು ಸಂಕೋಚದಿಂದ. "ನಿಮಗೆ ಅಂತ ಬಾಡಿಗೆ ಕಮ್ಮಿ ಮಾಡಿದ್ದೇನೆ."

ಯಾಮಿನಿ ಕಿಟಕಿಯ ಬಳಿ ಚಪಾತಿ ಲಟ್ಟಿಸುತ್ತಿದ್ದಾಳೆ. ನಾನು ಆಫೀಸಿಗೆ ನಡೆದೇ ಹೋಗುತ್ತೇನೆ. ಡಿಸೆಂಬರಿನಲ್ಲಿ ಬಡ್ಡಿ ಮತ್ತೆ ಇಳಿಯಿತು, ಮುಂಡಪ್ಪನವರಿಗೆ.

ಮೊನ್ನೆ ಭಾನುವಾರ ಅವರು ಮಧ್ವರಾಜ ಎಂಬ ಗೆಳೆಯರನ್ನು ಕರೆತಂದರು. ಬೇಲಾಪುರದಲ್ಲಿ ಫ್ಲಾಟ್ ನೋಡಿದ್ದಾರಂತೆ, ನನ್ನ ಸಲಹೆ ಬೇಕಂತೆ. "ಸಾಲ, ಬಡ್ಡಿ, ರೂಲ್ಸು, ಎಲ್ಲದರಲ್ಲೂ ಇವರು ಎಕ್ಸ್‌ಪರ್ಟ್," ಎಂದು ಪರಿಚಯಿಸಿದರು. ನನ್ನ ಎದೆ ತಾನಾಗಿ ಉಬ್ಬಿತು.

ಮಧ್ವರಾಜರು ಭಕ್ತಿಯಿಂದ ಕೇಳಿದರು. "ನಿಮ್ಮದು ಎಷ್ಟು ಮನೆ ಉಂಟು ಸರ್?"

ನಾನು ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಯಾಮಿನಿ ಕಾಫಿ ತಂದಿಟ್ಟು, ಅವರ ಕಡೆ ತಿರುಗಿ ವಿನಯದಿಂದ ಹೇಳಿದಳು.

"ನಮ್ಮವರು ಹೇಳಿದ್ದು ಕೇಳಿದ ಮೇಲೆ ನೀವೂ ಖಂಡಿತ ಮನೆ ತಗೋತೀರ. ಬಾಡಿಗೆಗೆ ಕೊಡೋದಾದ್ರೆ ಮೊದಲು ನಮಗೆ ಹೇಳಿ."